ಹೊಟೇಲಿನ ಹಾಡುಗಾರ್ತಿ

ಬಶೀರಾಬಾದಿನ ಭೂದೇವಿ ಸಿಕಂದರಾಬಾದಿನಲ್ಲಿ ನರ್ಸ್ ಆಗಿದ್ದಳೆಂದು ಊರೆಲ್ಲ ನಂಬಿತ್ತು. ನಂಬಿಸಿದವನು ಅವಳ ತಮ್ಮ ರಾಮುಲು. ನಿಜವಾಗಿ ಅವಳು ಇಪ್ಪತ್ತೆರಡು ವರ್ಷ ಹೊಟೇಲೊಂದರಲ್ಲಿ, ಮಿರಿಮಿರಿ ಮಿಂಚುವ ಗೌನು ತೊಟ್ಟು, ಕುಡಿಯುತ್ತ ಕೂತವರ ಮುಂದೆ ಕ್ಯಾಬರೆ ಹಾಡಿದ್ದಳು. ಮ್ಯಾನೇಜರು ಇಟ್ಟ ಹೆಸರು ಮಿಸ್ ರೂಬಿ. ಕೇರಿಯಿಂದ ಹೋದ ಹುಡುಗಿ ಉರ್ದು, ಇಂಗ್ಲಿಷ್ ಹಾಡುಗಳನ್ನು ಬರೀ ಕೇಳಿಯೇ ಕಲಿತಿದ್ದಳು. ಒಮ್ಮೆ ಕೈ ಹಿಡಿದೆಳೆದವನಿಗೆ ಮೈಕಿನಿಂದಲೇ ಬಾರಿಸಿ, ಹಾಡನ್ನು ಅರ್ಧಕ್ಕೆ ಬಿಡದೆ ಮುಗಿಸಿದ್ದಳು. ೧೯೮೪ರಲ್ಲಿ ನಗರದ ವಾದ್ಯಗಾರರ ಸಂಘ ಅವಳಿಗೆ ಶ್ರೇಷ್ಠ ಗಾಯಕಿ ಪ್ರಶಸ್ತಿ ಕೊಟ್ಟಾಗ ವಾದ್ಯಗಾರರೆಲ್ಲ ಎದ್ದು ನಿಂತಿದ್ದರು.

ಹೊಟೇಲು ಮುಚ್ಚಿದ ಮೇಲೆ ತಾಂಡೂರಿಗೆ ಬಂದು ಹೊಲಿಗೆ ಅಂಗಡಿ ಇಟ್ಟಳು.

೨೦೧೧ರ ಸೆಪ್ಟೆಂಬರಿನಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ ಶುರುವಾಯಿತು. ತಾಂಡೂರಿನ ಬಸ್‌ಸ್ಟ್ಯಾಂಡಿನೆದುರು ಶಾಮಿಯಾನ ಎದ್ದಿತು. ಶಾಲೆ ಬಿಟ್ಟು ಅಲ್ಲಿ ಕೂತ ಶಿಕ್ಷಕಿಯರಲ್ಲಿ ರಾಮುಲುವಿನ ಮಗಳು ಪ್ರಣೀತಾ ಒಬ್ಬಳು. ಅತ್ತೆಯ ಗತಕಾಲವೆಲ್ಲ ಅವಳಿಗೆ ಗೊತ್ತಿತ್ತು. ಮುಷ್ಕರ ಸಮಿತಿಯ ಆನಂದಕುಮಾರನಿಗೆ, "ನಮ್ಮತ್ತಿನ್ನ ಹಾಡಾಕ ಕರೀರಿ" ಎಂದಳು.

ಅಕ್ಕ ಒಪ್ಪಿದ ಸುದ್ದಿ ಕೇಳಿ, ಅವಳು ಹಾಡಬೇಕಿದ್ದ ದಿನ ಬೆಳಿಗ್ಗೆಯೇ ರಾಮುಲು ಅಂಗಡಿಗೆ ಬಂದ.

"ಅಕ್ಕಾ, ಪ್ರಣೀತಾಂದು ಲಗ್ನ ಗೊತ್ತಾಗ್ಯದ. ನಾರಾಯಣಖೇಡದ ಬೀಗರು ಮರ್ಯಾದಸ್ತರು. ಭಜನಿ ಹಾಡ್ತಿದ್ದೆ ಅಂತ ಅನ್ನು. ಹೊಟೇಲಿನ ಮಾತು ತೆಗೀಬ್ಯಾಡ."

ಭೂದೇವಿ ಕತ್ತರಿ ಕೆಳಗಿಟ್ಟಳು. "ನರ್ಸ್ ಅಂದಿ, ಸುಮ್ಮನಿದ್ದೆ. ಈಗ ಭಜನಿ ಅಂತಿ. ನಾ ಮಾಡಿದ ಕೆಲಸಕ್ಕ ನನಗ ನಾಚಿಕಿಲ್ಲ, ನಿನಗ್ಯಾಕ?"

ರಾಮುಲು ಸಮಿತಿಯವರ ಕಿವಿಗೂ ತನ್ನ ಮಾತು ಹಾಕಿದ್ದ. ಮಧ್ಯಾಹ್ನ ಆನಂದಕುಮಾರ ಅವಳನ್ನು "ಹೆಸರಾಂತ ಭಜನೆ ಗಾಯಕಿ" ಎಂದು ಪರಿಚಯಿಸಿದ. ಭೂದೇವಿ ಮೈಕು ತೆಗೆದುಕೊಂಡಳು.

"ಇವರು ನನ್ನ ಮಾನ ಉಳಸಾಕ ಹಂಗಂದ್ರು. ಭಜನಿ ಹಾಡಿದಾಕಿ ನಾ ಅಲ್ರಿ. ಹೊಟೇಲ್ದಾಗ ಕ್ಯಾಬರೆ ಹಾಡಿದಾಕಿ. ಅದಕ್ಕ ಪ್ರಶಸ್ತಿ ತಗೊಂಡಾಕಿ. ಕೇಳೋರು ಕೂಡ್ರಿ, ಒಲ್ಲದವರು ಏಳ್ರಿ."

ಹತ್ತಿಪ್ಪತ್ತು ಜನ ಎದ್ದು ಹೋದರು. ಆನಂದಕುಮಾರ ಮೈಕಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಹೊಟೇಲಿನ ಹಳೆಯ ಧಾಟಿಗೆ ತಾನೇ ಕಟ್ಟಿದ ಮಾತು ಹಾಕಿ, ಒಂದು ನುಡಿ ಕನ್ನಡದಲ್ಲಿ, ಒಂದು ತೆಲುಗಿನಲ್ಲಿ ಹಾಡತೊಡಗಿದಳು:

"ನಮ್ಮ ನೆಲ ಕೇಳಾಕ ಯಾರ ಅಪ್ಪಣಿ ಬೇಕೊ,
ನನ್ನ ದನಿ ಎತ್ತಾಕ ಯಾರ ಒಪ್ಪಿಗಿ ಬೇಕೊ."

ಅರವತ್ತು ದಾಟಿದ ದನಿ ಅಲ್ಲಲ್ಲಿ ಒಡೆಯಿತು. ಅವಳು ಅದನ್ನು ಮುಚ್ಚಿಡಲಿಲ್ಲ. ಮೂರನೆಯ ನುಡಿಗೆ ಶಿಕ್ಷಕಿಯರು ಚಪ್ಪಾಳೆಯಿಂದ ತಾಳ ಹಿಡಿದರು. ಹೊರಗೆ ನಿಂತಿದ್ದ ಹಮಾಲರು ಒಳಗೆ ಬಂದು ಕೂತರು.

ನಾಲ್ಕು ದಿನಕ್ಕೆ ಬೀಗರು ಲಗ್ನ ಮುರಿದರು. ರಾಮುಲು ಅಕ್ಕನ ಅಂಗಡಿಯ ಮುಂದೆ ನಿಂತು ಬೈದ. ಪ್ರಣೀತಾ ಒಳಗಿನಿಂದ ಬಂದು ಹೇಳಿದಳು: "ಅಪ್ಪಾ, ಅತ್ತಿನ್ನ ಮುಚ್ಚಿಟ್ಟು ಹೋಗೋ ಮನಿ ನನಗ ಬ್ಯಾಡಾಗಿತ್ತು. ನೀ ಕೇಳಿದ್ರ ಮೊದಲೇ ಹೇಳ್ತಿದ್ದೆ." ರಾಮುಲು ತಿರುಗಿ ಹೊರಟ. ಎಷ್ಟೋ ತಿಂಗಳು ಆ ಕಡೆ ಬರಲಿಲ್ಲ. ಅದರಿಂದ ಭೂದೇವಿಗೆ ನೋವಾಯಿತು. ಆದರೂ ಬಾ ಎಂದು ಹೇಳಿ ಕಳಿಸಲಿಲ್ಲ.

ತಾಂಡೂರಿನಲ್ಲಿ ಹಾಡಿದ ಮರುವಾರವೇ ಜಹೀರಾಬಾದಿನ ಸಮಿತಿಯಿಂದ ಫೋನು ಬಂದಿತ್ತು. ಕರಪತ್ರದಲ್ಲಿ ಏನಂತ ಹಾಕಬೇಕೆಂದು ಕೇಳಿದರು.

"ಕ್ಯಾಬರೆ ಗಾಯಕಿ ಭೂದೇವಿ ಅಂತ ಹಾಕ್ರಿ. ಇಲ್ಲಂದ್ರ ನಾ ಬರಲ್ಲ."

ಹಾಗೆಯೇ ಅಚ್ಚಾಯಿತು. ಮುಷ್ಕರದಿಂದಾಗಿ ಬಸ್ಸುಗಳಿರಲಿಲ್ಲ. ಅತ್ತೆ, ಸೋದರಸೊಸೆ ಜೀಪು ಹತ್ತಿದರು. ಜಹೀರಾಬಾದಿನಲ್ಲಿ ಒಂದು ಹಾಡಿಗೆಂದು ಕರೆದಿದ್ದರು. ಭೂದೇವಿ ಐದು ಹಾಡಿದಳು.