ಕುಂಕುಮ ಹಚ್ಚಿದ ಸಹಿ

"ನಿಮ್ಮ ಪಾನಿಪುರಿ ಕಂಪನಿ ಹುಟ್ಟೇ ಇಲ್ಲ ಸಾರ್," ಎಂದು ಬಂಗಾರಪೇಟೆಯ ವಕೀಲೆ ಅಂಬಿಕ ಹೇಳಿದಾಗ, ಕಂಪನಿಯ ಎಂ.ಡಿ. ಓಂಕಾರಪ್ಪ ಮೊದಲು ಎದೆಯ ಮೇಲಿದ್ದ ಬ್ಯಾಡ್ಜ್ ಮುಟ್ಟಿ ನೋಡಿಕೊಂಡರು. ಅದು ಇತ್ತು.

"ಬೋರ್ಡ್ ಇದೆ, ಸೀಲ್ ಇದೆ. ತಡವಾಗಿ ಬಂದಿದ್ದಕ್ಕೆ ನನಗೆ ನಾನೇ ಮೆಮೊ ಕೊಟ್ಕೊಂಡಿದ್ದೀನಮ್ಮ!"

"ನೋಂದಣಿ ಅರ್ಜಿ ಹೋಗಿಲ್ಲ."

ಅರ್ಜಿಗೆ ಡಿಜಿಟಲ್ ಸಹಿ ಹಾಕುವ ಪೆನ್‌ಡ್ರೈವ್ ಬಂದದ್ದು ಆಯುಧ ಪೂಜೆಯ ಹಿಂದಿನ ದಿನ. ಕೆಜಿಎಫ್‌ನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ವರ್ಷಾನುಗಟ್ಟಲೆ ತಕ್ಕಡಿ, ಗಾಜಿನ ಕೊಳವೆಗಳಿಗೆಲ್ಲ ಕುಂಕುಮ ಹಚ್ಚಿದ್ದ ಓಂಕಾರಪ್ಪ ಅದನ್ನೂ ಪೂಜೆಗಿಟ್ಟರು. ಕುಂಕುಮ ಅದರ ತುದಿಯೊಳಗೆ ಇಳಿಯಿತು. ಮರುದಿನ ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ. ಮುಹೂರ್ತ ಮೀರಬಾರದೆಂದು ಬೂದುಗುಂಬಳ ಒಡೆದು ಕಂಪನಿ ಶುರುಮಾಡಿಯೇ ಬಿಟ್ಟರು. ಪೆನ್‌ಡ್ರೈವ್ ದೇವರ ಗೂಡಿನಲ್ಲೇ ಉಳಿದು, ದಿನಕ್ಕೊಂದು ಹೂವು ಪಡೆಯುತ್ತಿತ್ತು.

ಸಾಲಕ್ಕೆ ಪುರಿ ಮಿಷನ್ ಕೊಟ್ಟಿದ್ದ ಕುಪ್ಪುಸ್ವಾಮಿ ಪಕ್ಕದ ಕುರ್ಚಿಯಲ್ಲಿದ್ದ. "ಕಂಪನಿ ಇಲ್ಲಾಂದ್ರೆ ನನ್ ದುಡ್ಡು ಯಾರ್ ಕೊಡ್ತಾರೆ, ಸಾಮಿ?"

"ಕಂಪನಿಯೇ. ನಾನು ಅದರ ಪರವಾಗಿ ಸಹಿ ಹಾಕಿದ್ದು."

"ಇಲ್ಲದ್ದರ ಪರವಾಗಿ ಹಾಕಿದ್ರೆ ಸಾಲ ನಿಮ್ಮ ತಲೆಗೇ," ಎಂದಳು ಅಂಬಿಕ.

"ಮನೆ ಇದೆಯಲ್ಲ," ಎಂದ ಕುಪ್ಪುಸ್ವಾಮಿ.

"ಅದು ನಮ್ಮಪ್ಪ ಬೂದಿಕೋಟೆ ಜಮೀನು ಮಾರಿ ನನ್ನೆಸ್ರಿಗೆ ಕೊಡ್ಸಿದ್ದು ಕಣಪ್ಪ," ಎಂದು ಓಂಕಾರಪ್ಪನವರ ಹೆಂಡತಿ ಕೆಂಪಮ್ಮ ಎದ್ದು ನಿಂತರು.

"ಕೂತ್ಕೊಳ್ಳಿ ಅಮ್ಮ. ವ್ಯಾಪಾರದಲ್ಲಿ ನೀವೂ ಪಾಲುದಾರರಾಗಿದ್ರೆ ಸಾಲ ನಿಮಗೂ ತಗಲತ್ತೆ, ಮನೇನೂ ಹೋಗಬಹುದು. ಮಿಷನ್ ತರಿಸಿದಾಗ ಜೊತೆಗಿದ್ರಾ?" ಎಂದು ಅಂಬಿಕ ಕೇಳಿದಳು.

"ಎಲ್ಲಿದ್ದೆ? ಅದ್ಕೆ ಮುಂಚೇನೇ ಇವ್ರು ನನ್ನ ಕೆಲ್ಸದಿಂದ ತೆಗ್ದಾಕಿದ್ರಲ್ಲ!"

ಎಲ್ಲರೂ ಓಂಕಾರಪ್ಪನವರತ್ತ ತಿರುಗಿದರು. ಬಂಗಾರಪೇಟೆಯ ಪಾನಿ ಬಣ್ಣವಿಲ್ಲದೆ ತಿಳಿಯಾಗಿರಬೇಕು. ಕೆಂಪಮ್ಮ ಅದಕ್ಕೆ ಪುದೀನ ಅರೆದು ಹಾಕಿದ್ದರು. ಓಂಕಾರಪ್ಪ ಅಡುಗೆಮನೆಯಲ್ಲೇ ವಿಚಾರಣೆ ನಡೆಸಿ, ಆಕೆಯನ್ನು ವಜಾ ಮಾಡಿ, ಆಕೆ ಬಡಿಸಿದ ಮುದ್ದೆ ಉಂಡಿದ್ದರು.

"ಇಲ್ದಿರೋ ಕಂಪನಿ ವಜಾ ಮಾಡಕ್ಕಾಗ್ತದಾ?" ಎಂದ ಕುಪ್ಪುಸ್ವಾಮಿ.

"ಕಂಪನಿಗೆ ಆಗಲ್ಲ. ಆದರೆ ಆಮೇಲೆ ಅಮ್ಮ ಆ ಕಡೆ ತಲೆ ಹಾಕಿದ್ರಾ?" ಎಂದಳು ಅಂಬಿಕ.

"ತಲೆಯಾ? ಮಿಷನ್ ಇಳಿಸೋವಾಗ ಬಾಗ್ಲಲ್ಲಿ ನಿಂತು 'ಈ ದರಿದ್ರ ವಾಪಸ್ ತಗೊಂಡ್ ಓಗು' ಅಂತ ನನ್ನೇ ಬೈದ್ರು..." ಎಂದ ಕುಪ್ಪುಸ್ವಾಮಿ, ಅಲ್ಲಿಗೆ ನಿಂತ. ಕೆಂಪಮ್ಮ ಪಾಲುದಾರರಲ್ಲವೆಂದು ತಾನೇ ಸಾಕ್ಷಿ ಹೇಳಿದಂತಾಯಿತೆಂದು ಆಗ ಹೊಳೆಯಿತು.

"ಅಯ್ಯಯ್ಯೋ," ಎಂದ.

ಮನೆ ಉಳಿಯಿತು. ಸಾಲ ಓಂಕಾರಪ್ಪನವರೊಬ್ಬರದೇ ಆಯಿತು. ತಿಂಗಳ ಕಂತಿಗೆ ಕುಪ್ಪುಸ್ವಾಮಿ ಒಪ್ಪಿದ.

ವಕೀಲೆಯ ಕಚೇರಿಯ ಮೆಟ್ಟಿಲಿಳಿಯುವಾಗ ಕೆಂಪಮ್ಮ ಗಂಡನಿಗೆ ಹೇಳಿದರು: "ನಾಳೆಯಿಂದ ಸ್ಟೇಷನ್ ಹತ್ರ ಗಾಡಿ ಆಕ್ತೀನಿ. ನೀವು ಕೆಲ್ಸಕ್ಕೆ ಬನ್ನಿ. ಸಂಬ್ಳ ಸೀದಾ ಕುಪ್ಪುಸ್ವಾಮಿಗೆ."

ಓಂಕಾರಪ್ಪ ಯೋಚಿಸಿದರು. "ಪಾನಿ ಯಾವ ಬಣ್ಣ?"

"ಅಸ್ರು."

ಓಂಕಾರಪ್ಪ ಬ್ಯಾಡ್ಜ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಕೇಳಿದರು: "ಪುದೀನ ಎಷ್ಟು ಕಟ್ಟು ತರಲಿ?"