ಮುಂದಿನ ಸಾಲಿನ ನಗು

ಕೊಳೆತ ಕೋಸಿನ ದಂಟೊಂದು ಬೊಂಬೆಯಾಟದ ಗೂಡಿನ ಪಟ್ಟೆ ಬಟ್ಟೆಗೆ ಬಡಿದು ಕೆಳಗೆ ಬಿತ್ತು. ಒಳಗೆ ಎರಡೂ ಕೈ ಮೇಲೆತ್ತಿ ನಿಂತಿದ್ದ ಸೈಲಸ್ ಗ್ರೀವ್ ಆಟ ನಿಲ್ಲಿಸಿ, ಬೊಂಬೆಯ ಕೀರಲು ದನಿಗಾಗಿ ಬಾಯೊಳಗಿಟ್ಟಿದ್ದ ಪೀಪಿಯನ್ನು ದವಡೆಗೆ ಒತ್ತಿಕೊಂಡ. ಹೊರಗೆ ಅವನ ಹೆಂಡತಿ ಹೆಟ್ಟಿಯ ಡೋಲೂ ನಿಂತಿತು.

"ಈಚೆ ಬಾರೋ ಬೊಂಬೆಯೋನೇ! ನಮ್ ಮುಖಾನೆಲ್ಲ ಲಂಡನ್ನಿಗೇ ತೋರ್ಸಿದ್ಯಲ್ಲ, ನಿನ್ ಮುಖಾನೂ ಒಂದ್ಸಲ ನೋಡೋಣ!"

ಸೈಲಸ್ ಹೊರಬಂದ. ಎದುರಿಗೆ ನಿಂತಿದ್ದವಳು ಬಟ್ಟೆ ಒಗೆದು ಬದುಕುವ ಡಾರ್ಕಸ್ ಪೆಲ್. ಕೈಯಲ್ಲಿ ಚಿತ್ರಪತ್ರಿಕೆಯ ಹಾಳೆ. ಹಿಂದೆ ಇಡೀ ಓಣಿ.

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ಪತ್ರಿಕೆಯ ಚಿತ್ರಗಾರನೊಬ್ಬ ಕೂತು ಆಟ ನೋಡುವವರನ್ನು ಬರೆದುಕೊಂಡು ಹೋಗಿದ್ದ. ಅವನಿಗೆ ಸ್ಟೂಲು ಹಾಕಿಕೊಟ್ಟವನೇ ಸೈಲಸ್. ಆ ಚಿತ್ರವನ್ನು ಮರದಲ್ಲಿ ಕೊರೆದು ಈಗ ಅಚ್ಚು ಹಾಕಿದ್ದರು. ಬೊಂಬೆಗಳು, ಗೂನುಬೆನ್ನಿನ ಅಪ್ಪ ಮತ್ತವನ ಮರದ ಮಗು, ಎಲ್ಲೋ ಹಿಂದೆ ಬೆರಳುದ್ದ. ಮುಂದೆ ಓಣಿಯ ಜನ, ಮೊಂಡು ಮೂಗು, ಕಿಸಿದ ಬಾಯಿ, ಥೇಟ್ ಮಂಗಗಳು. ಎಲ್ಲರಿಗಿಂತ ಮುಂದೆ ಡಾರ್ಕಸ್. ಹೊಟ್ಟೆ ಹಿಡಿದುಕೊಂಡು, ಉದುರಿದ ಹಲ್ಲಿನ ಸಂದಿಯೂ ಕಾಣುವಂತೆ ನಗುತ್ತಿದ್ದಳು.

ಚಿತ್ರ ಬರೆದುಕೊಂಡ ಆ ದಿನಕ್ಕೆ ಅವಳ ಕೂಸನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

"ನಾನ್ ನಗ್ಲಿಲ್ಲ" ಅಂದಳು. "ಮಗೂನ ಕಳ್ಕೊಂಡೋಳು, ನಿನ್ ಗೂನಬೊಂಬೆ ಮಗು ಎಸೆಯೋದ್ ನೋಡಿ ನಗ್ತಾಳಾ? ಸುಳ್ ಬರ್ದಿದಾನೆ ಅವ್ನು. ಹೇಳು ಇವ್ರಿಗೆ."

ಇವರು ಎಂದರೆ ಗುಂಪಿನ ಅಂಚಿಗೆ ನಿಂತಿದ್ದ ಮಿಸೆಸ್ ಟ್ಯಾರಂಟ್. ಚರ್ಚಿನಿಂದ ಬಡವರಿಗೆ ಕೊಡುವ ಕಲ್ಲಿದ್ದಲು ಹಂಚುವವಳು ಆಕೆಯೇ. ಡಾರ್ಕಸ್ ಒಗೆಯುವುದೂ ಆಕೆಯ ಮನೆಯ ಬಟ್ಟೆಯನ್ನೇ. ಚಿತ್ರ ಕಂಡ ದಿನವೇ ಎರಡನ್ನೂ ನಿಲ್ಲಿಸಿದ್ದಳು.

"ಒಳಗಿರೋನಿಗೆ ಏನಮ್ಮಾ ಕಾಣತ್ತೆ?" ಸೈಲಸ್ ತಡವರಿಸಿದ. "ನಗು ಕೇಳ್ಸತ್ತೆ. ಯಾರ್ದು ಅಂತ ಹೆಂಗ್ ಹೇಳ್ಲಿ?"

"ಸ್ಟೂಲ್ ಹಾಕಿ ಕೂರ್ಸೋವಾಗ ಎಲ್ಲಾ ಕಾಣ್ತಿತ್ತು!" ಗುಂಪಿನಿಂದ ಯಾರೋ ಕೂಗಿದರು.

ಮಿಸೆಸ್ ಟ್ಯಾರಂಟ್ ಕೈಗವಸು ಸರಿಪಡಿಸಿಕೊಂಡಳು. "ಇಲ್ದೇ ಇದ್ದದ್ದನ್ನ ಯಾರೂ ಅಚ್ಚು ಹಾಕೋದಿಲ್ಲಮ್ಮ."

"ಹಂಗಾದ್ರೆ ಆಡ್ಸು" ಡಾರ್ಕಸ್ ಸೈಲಸ್‌ನತ್ತ ತಿರುಗಿದಳು. "ಅದೇ ಆಟ. ಇಲ್ಲೇ ನಿಂತ್ಕೋತೀನಿ. ಎಲ್ರೂ ನನ್ ಮುಖಾನೇ ನೋಡ್ಲಿ."

"ಬೇಡ ಕಣೇ, ತಾಯಿ" ಎಂದಳು ಹೆಟ್ಟಿ.

"ನೀನ್ ಬಾಯ್ ಮುಚ್ಕೊಂಡು ಬಾರ್ಸು."

ಸೈಲಸ್ ಗೂಡಿನೊಳಗೆ ಹೋದ. ಇಪ್ಪತ್ತೆರಡು ವರ್ಷದಲ್ಲಿ ಅವನು ಇಂಥ ಮೌನದಲ್ಲಿ ಆಡಿಸಿರಲಿಲ್ಲ. ಕೆಡಿಸಿಯೇ ಆಡಿಸೋಣ, ಯಾರಿಗೂ ನಗು ಬಾರದ ಹಾಗೆ, ಅಂದುಕೊಂಡ. ಕೈ ಕೇಳಲಿಲ್ಲ. ಗೂನಬೊಂಬೆ ಮಗುವನ್ನು ತೂಗಿತು, ಮಗು ಅತ್ತಿತು. ಮುದ್ದಿಸಿತು; ಇನ್ನೂ ಜೋರಾಗಿ ಅತ್ತಿತು. ಕೊನೆಗೆ ಮಲಗಿತು. ಗೂನಬೊಂಬೆ ತುದಿಗಾಲಲ್ಲಿ ಒಂದು ಹೆಜ್ಜೆ ಇಟ್ಟಿತು, ಎರಡು ಇಟ್ಟಿತು. ಮೂರನೆಯದಕ್ಕೆ ಮಗು ಕಿರ್ರೆಂದಿತು. ಗೂನಬೊಂಬೆ ಜನರತ್ತ ಒಮ್ಮೆ ನೋಡಿ, ಮಗುವನ್ನು ಬೀದಿಗೆ ಎಸೆಯಿತು.

ಮೊದಲು ಮೂಗಿನಿಂದ ಸಿಡಿದ ಒಂದು ಸದ್ದು. ಆಮೇಲೆ ತಡೆಯಲಾಗದೆ, ಗಂಟಲು ಬಿಚ್ಚಿ, ಓಣಿಯಲ್ಲಿ ಡಾರ್ಕಸ್ ಒಬ್ಬಳೇ ನಕ್ಕಳು.

"ನೋಡಿದ್ರಾ" ಎಂದಳು ಮಿಸೆಸ್ ಟ್ಯಾರಂಟ್. ಆಕೆಯ ಬೂಟಿನ ಸದ್ದು ದೂರವಾಯಿತು.

"ಥೂ! ಹೆತ್ತ ಹೊಟ್ಟೇನಾ ಅದು?"

"ಇವಳ ಮಾತು ನಂಬಿ ಬಂದ್ವಲ್ಲ, ನಮಗೆ ಬುದ್ಧಿ ಇಲ್ಲ!"

ನಗು ನಡುವೆಯೇ ಕಡಿದುಹೋಯಿತು. ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. ಸೈಲಸ್ ಕೈ ಇಳಿಸದೆ ಹಾಗೇ ನಿಂತಿದ್ದ. ಎಸೆದ ಮಗುವನ್ನು ಯಾವಾಗಲೂ ಯಾರಾದರೂ ಎತ್ತಿ ಕೊಡುತ್ತಿದ್ದರು. ಈಗ ಯಾರೂ ಬಾಗಿದಂತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅವನ ತಲೆಯ ಮೇಲಿನ ಹಲಗೆಯ ಅಂಚಿಗೆ ಒಂದು ಕೈ ಬಂತು. ಬಟ್ಟೆ ಒಗೆಯುವ ಸೋಡಾಕ್ಷಾರಕ್ಕೆ ಬೆಂದು ಬಿರುಕು ಬಿಟ್ಟ ಕೈ. ಅದು ಮರದ ಮಗುವನ್ನು ಅಂಗಾತ ಮಲಗಿಸಿ, ಕೆನ್ನೆಗಂಟಿದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿತು. ಒರೆಸಿದ ಮೇಲೂ ಆ ಕೈ ಅಲ್ಲೇ ಇತ್ತು.