ಒಬ್ಬರಿಗೋ, ಇಬ್ಬರಿಗೋ?

ಮಿನ್ನೆಸೋಟದಲ್ಲಿ ಹಿಮ ಕರಗಿ ರಸ್ತೆ ಕಣ್ಣಿಗೆ ಬಿದ್ದ ಮೊದಲ ಶನಿವಾರ ಬೈಕಿನವರಿಗೆಲ್ಲ ಹುಚ್ಚು ಹಿಡಿಯುತ್ತದೆ. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಹೊದ್ದು ಮಲಗಿದ್ದ ಗಾಡಿಗಳನ್ನು ಎಬ್ಬಿಸಿಕೊಂಡು ಊರಾಚೆಯ ಶೋರೂಮಿಗೆ ದೌಡಾಯಿಸುತ್ತಾರೆ. ಅಲ್ಲಿ ಅವತ್ತು ಕಾಫಿ ಪುಕ್ಕಟೆ, ಸಾಸೇಜು ಪುಕ್ಕಟೆ, ಬುದ್ಧಿಮಾತಂತೂ ಬೇಡ ಅಂದರೂ ಬಿಡುವುದಿಲ್ಲ.

ಹಾಲಿನ ಟ್ಯಾಂಕರ್ ಓಡಿಸುವ ಆರಿನ್ ಟ್ವೆಟ್‌ಗೆ ಈ ಸಲ ಬುದ್ಧಿಮಾತು ಬೇಕಿರಲಿಲ್ಲ. ಅವನು ತೀರ್ಮಾನ ಮಾಡಿಕೊಂಡೇ ಬಂದಿದ್ದ. ಎಂಜಿನ್ನಿಗೆ ಬಲ ಹೆಚ್ಚಿಸುವುದು, ಆಗಸ್ಟಿನಲ್ಲಿ ಬ್ಲ್ಯಾಕ್ ಹಿಲ್ಸ್ ಗುಡ್ಡಗಳಿಗೆ ಹೋಗುವಾಗ ಗಾರ್ಡಿಗೆ ಮಣ್ಣು ಮುಕ್ಕಿಸುವುದು. ಗಾರ್ಡಿ ಮೂವತ್ತು ವರ್ಷದಿಂದ ಗೆಳೆಯ. ಹೋದ ವರ್ಷ ತನ್ನ ಬೈಕಿನ ಎಂಜಿನ್ನಿಗೆ ಬಲ ತುಂಬಿಸಿಕೊಂಡು, ಹೋಗುವಾಗ ಬರುವಾಗ ಎರಡೂ ಸಲ ಆರಿನ್‌ಗೆ ತನ್ನ ಹಿಂದಿನ ದೀಪವನ್ನಷ್ಟೇ ತೋರಿಸಿದ್ದ. ಅರವತ್ತು ದಾಟಿದ ಗಂಡಸರಿಗೂ ಇದೆಲ್ಲ ಎಷ್ಟು ಉರಿಯುತ್ತದೆ ಅನ್ನುವುದು ಉರಿದವರಿಗೇ ಗೊತ್ತು!

ಬೈಕನ್ನು ವಾರವಿಡೀ ಅಲ್ಲೇ ಬಿಡಬೇಕಿತ್ತು. ಹಾಗಾಗಿ ಅವನನ್ನು ವಾಪಸು ಕರೆದೊಯ್ಯಲು ಹೆಂಡತಿ ಮಾರ್ಲಿಸ್ ಕಾರಿನಲ್ಲಿ ಹಿಂದೆಯೇ ಬಂದಿದ್ದಳು. ಈಗ ಒಂದು ಕುರ್ಚಿ ಹಿಡಿದು ಕೂತು, ನೀರಿನಂಥ ಪುಕ್ಕಟೆ ಕಾಫಿಯನ್ನು ಗೊಣಗದೇ ಕುಡಿಯುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವಳಿಗೆ ಅದಕ್ಕಿಂತ ಕೆಟ್ಟ ಕಾಫಿಯೂ ಗೊತ್ತು.

ಸರ್ವಿಸ್ ಕೌಂಟರಿನಲ್ಲಿ ಬ್ರೆನ್ನಾ ಎಂಬ ಚುರುಕು ಹೆಣ್ಣುಮಗಳಿದ್ದಳು. ಪಕ್ಕದಲ್ಲೇ ಸಾಸೇಜು ಮೆಲ್ಲುತ್ತ ಗಾರ್ಡಿಯೂ ನಿಂತಿದ್ದ. ಅವನಿಲ್ಲದೆ ಊರಿನಲ್ಲಿ ಯಾವ ಕೆಲಸ ನಡೆದಿದೆ?

"ಇವನಿಗೂ ನನ್ನ ಗಾಡಿಗೆ ಹಾಕಿದ್ದನ್ನೇ ಹಾಕಿಬಿಡಮ್ಮ," ಅಂದ ಗಾರ್ಡಿ. "ಇಲ್ಲಾಂದ್ರೆ ಪಾಪ, ಈ ವರ್ಷವೂ ನನ್ನ ಹೊಗೆ ಕುಡ್ಕೊಂಡೇ ಬರಬೇಕು."

"ನೀನು ಮೊದಲು ಬಾಯಲ್ಲಿರೋದು ನುಂಗೋ," ಅಂದ ಆರಿನ್. "ಬ್ರೆನ್ನಾ, ಇಲ್ಲೇ ಹಾಕಿಸಿದ್ರೆ ವಾರಂಟಿಗೇನೂ ತೊಂದ್ರೆ ಇಲ್ಲ ತಾನೇ?"

"ಏನೂ ಇಲ್ಲ ಸರ್. ಆದ್ರೆ ಕ್ಯಾಮ್ ಎರಡು ಥರ ಬರುತ್ತೆ, ಒಂದನ್ನ ಆರಿಸ್ಕೋಬೇಕು." ಕ್ಯಾಮ್ ಅಂದರೆ ಎಂಜಿನ್ನಿನ ಒಳಗೆ ಕೂತು ಅದರ ಉಸಿರಾಟ ನಡೆಸುವ ದಂಡ. "ಒಂದು ಮೇಲಿನ ವೇಗಕ್ಕೆ. ಹೆದ್ದಾರೀಲಿ ಒಬ್ಬರೇ ಹೋಗ್ತೀರಿ ಅಂದ್ರೆ ಬಾಣದ ಹಾಗೆ ಹೋಗುತ್ತೆ. ಇನ್ನೊಂದು ಕೆಳಗಿನ ಎಳೆತಕ್ಕೆ. ಹಿಂದೆ ಒಬ್ಬರು, ಸಾಮಾನು, ಏರು ದಾರಿ, ಎಲ್ಲಾನೂ ಸಲೀಸಾಗಿ ಎಳೆಯುತ್ತೆ, ಆದ್ರೆ ಅಷ್ಟು ಓಟ ಇಲ್ಲ. ನೀವು ಒಬ್ಬರೇ ಓಡಿಸೋದಾ, ಇಬ್ಬರಾ?"

ಆರಿನ್ ಜೇಬಿನಲ್ಲಿದ್ದ ಬೀಗದ ಕೈ ತಡಕತೊಡಗಿದ.

ಸುಲಭದ ಪ್ರಶ್ನೆ. ಆದರೆ ಮಾರ್ಲಿಸ್ ಅವನ ಹಿಂದೆ ಕೂರದೆ ಎರಡು ಬೇಸಿಗೆ ಕಳೆದಿದ್ದವು. ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ ಅವಳ ಮೊಣಕಾಲುಗಳು ಅವನ ಪಕ್ಕೆಗೆ ಒತ್ತಿಕೊಂಡೇ ಇರುತ್ತಿದ್ದವು. "ಸೊಂಟ ನೋವು, ನೀನು ಹೋಗಿ ಬಾ," ಅಂದಿದ್ದಳು ಒಮ್ಮೆ. ಅವನು ಹೋಗಿ ಬಂದ. ಮರುವರ್ಷವೂ ಅಂದಳು, ಮತ್ತೆ ಹೋಗಿ ಬಂದ. ನಿಜವಾಗಿ ಸೊಂಟವೇನಾ ಅಂತ ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಅಲ್ಲ ಅಂದುಬಿಟ್ಟರೆ? ನಮ್ಮ ಕಡೆಯವರೇ ಹೀಗೆ. ಬೆಂಕಿ ಬಿದ್ದ ಮನೆಯಲ್ಲೂ ಸ್ವಲ್ಪ ಸೆಖೆ ಅನ್ನುತ್ತೇವೆ, ಅಷ್ಟೇ.

"ಮೇಡಂ," ಬ್ರೆನ್ನಾ ಕುರ್ಚಿಯ ಕಡೆ ಕತ್ತು ಚಾಚಿದಳು. "ನೀವು ಇವರ ಜೊತೆ ಹೋಗ್ತೀರಾ?"

"ಸೊಂಟ ನೋವು ಅವಳಿಗೆ," ಅಂದ ಆರಿನ್ ಗಡಬಡಿಸಿ.

"ನನ್ನ ಸೊಂಟಕ್ಕೇನಾಗಿದೆ?" ಅಂದಳು ಮಾರ್ಲಿಸ್. "ಅದು ಸರಿಹೋಗಿ ಒಂದೂವರೆ ವರ್ಷ ಆಯ್ತು."

ಗಾರ್ಡಿ ಸಾಸೇಜು ಜಗಿಯುವುದನ್ನು ನಿಲ್ಲಿಸಿದ.

"ಮತ್ತೆ ಯಾಕೆ ಬರಲ್ಲ?" ಕೇಳಬಾರದು ಅಂದುಕೊಂಡಿದ್ದ ಪ್ರಶ್ನೆ ಜನರ ಮುಂದೆಯೇ ಬಾಯಿಂದ ಜಾರಿತ್ತು.

ಮಾರ್ಲಿಸ್ ಲೋಟ ಕೆಳಗಿಟ್ಟಳು. "ನಾನು ಕೊನೇ ಸಲ ಬಂದಾಗ ಆ ಕ್ಯಾಂಪಿಗೆ ಹತ್ತೋ ಜಲ್ಲಿ ದಾರಿ ನೆನಪಿದ್ಯಾ? ಬೈಕು ಏರಲಿಲ್ಲ. ನೀನು ಇಳಿ ಅಂದೆ, ನಾನು ಇಳಿದೆ."

"ಬಿದ್ದುಬಿಡ್ತೀವಿ ಅಂತ ಹೆದ್ರಿದ್ದೆ ಕಣೇ. ಗಾಡಿಗೆ ಎಳೆಯೋ ತಾಕತ್ತೇ ಇರ್ಲಿಲ್ಲ. ಅದಕ್ಕೇ ಈಗ..."

"ಇಳಿಸಿದ್ದಕ್ಕಲ್ಲ ನಂಗೆ ಬೇಜಾರು. ಉರಿಬಿಸಿಲು, ಚರ್ಮದ ಜಾಕೆಟ್ಟು, ತಲೆ ಮೇಲೆ ಹೆಲ್ಮೆಟ್ಟು, ಹಾಗೇ ಒಬ್ಬಳೇ ನಡ್ಕೊಂಡು ಹತ್ತಿದೆ. ಮೇಲೆ ಕುರ್ಚಿ ಹಾಕ್ಕೊಂಡು ಕೂತಿದ್ದ ನಿನ್ನ ಗೆಳೆಯರೆಲ್ಲ ಚಪ್ಪಾಳೆ ಹೊಡೀತಿದ್ರು."

ಗಾರ್ಡಿಗೆ ತಟ್ಟನೆ ಹೊರಗೆ ಏನೋ ಕೆಲಸ ನೆನಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಅದೂ ಹೋಗ್ಲಿ. ನಾನು ಮೇಲೆ ಬಂದು ಮುಟ್ಟೋ ಹೊತ್ತಿಗೆ ನಿನ್ನ ಕೈಯಲ್ಲಿ ಬಿಯರ್ ಇತ್ತು ಆರಿನ್. ಅರ್ಧ ಖಾಲಿ ಆಗಿತ್ತು. ನೀನು ಒಂದ್ಸಲ ತಿರುಗಿ ಕೂಡ ನೋಡಿರ್ಲಿಲ್ಲ." ಅವಳ ದನಿ ಏರಲಿಲ್ಲ, ಮೂಗಿನ ತುದಿ ಮಾತ್ರ ಕೆಂಪಾಯಿತು. "ಅದಕ್ಕೆ ಯಾವ ಕ್ಯಾಮ್ ಹಾಕ್ತಾರೆ, ಕೇಳು."

ಬ್ರೆನ್ನಾ ಕಂಪ್ಯೂಟರ್ ಪರದೆಯನ್ನು ಭಾರೀ ಶ್ರದ್ಧೆಯಿಂದ ಓದತೊಡಗಿದಳು.

ಆರಿನ್‌ಗೆ ಕಿವಿ ಬಿಸಿಯಾಯಿತು. ಆ ಬಿಯರ್ ಅವನಿಗೆ ಚೆನ್ನಾಗಿ ನೆನಪಿತ್ತು, ತಣ್ಣಗಿತ್ತು. ಅವಳು ಹತ್ತಿ ಬಂದದ್ದು ಮಾತ್ರ ನೆನಪಿರಲಿಲ್ಲ. ನೋಡಿದ್ದರೆ ತಾನೇ ನೆನಪಿರುವುದು? ಎರಡು ವರ್ಷ ದೂರಿದ್ದು ಗಾಡಿಯನ್ನು, ಅದಾದ ಮೇಲೆ ಅವಳ ಸೊಂಟವನ್ನು. ಥೂ, ಎಂಥ ಮನುಷ್ಯ ನಾನು ಅನ್ನಿಸಿತು.

"ನಾನೂ ಇಳಿದು ಗಾಡಿ ತಳ್ಕೊಂಡು ನಿನ್ನ ಜೊತೆ ಬರಬೇಕಿತ್ತು," ಅಂದ.

"ಆ ಎಮ್ಮೆನಾ? ಎದೆ ಒಡ್ಕೊಂಡು ಅಲ್ಲೇ ಸಾಯ್ತಿದ್ದೆ. ಆಮೇಲೆ ನಾನು ನಿನ್ನನ್ನೂ ಹೊತ್ಕೊಂಡು ಹತ್ತಬೇಕಿತ್ತು."

"ತಪ್ಪಾಯ್ತು ಮಾರ್ಲಿಸ್."

ಅವನು ಕೌಂಟರಿನ ಕಡೆ ತಿರುಗಿದ. "ಇಬ್ಬರಿಗೆ ಆಗೋದೇ ಹಾಕಮ್ಮ."

"ನಾನು ಬರ್ತೀನಿ ಅಂದೆನಾ?" ಅಂದಳು ಮಾರ್ಲಿಸ್ ಹಿಂದಿನಿಂದ.

"ಇಲ್ಲ."

"ಮತ್ತೆ? ನಾನು ಬರದಿದ್ರೆ ದುಡ್ಡೂ ದಂಡ, ಗಾರ್ಡಿನೂ ಮುಂದೆ ಹೋಗ್ತಾನೆ. ಆಮೇಲೆ ನನ್ನ ತಲೆ ತಿನ್ನಬೇಡ."

"ಹೋಗ್ಲಿ ಬಿಡು. ನೀನು ಬಾ ಅಂತ ಒತ್ತಾಯ ಇಲ್ಲ. ನಿನಗೆ ಜಾಗ ಇಲ್ಲದ ಗಾಡಿ ಮಾಡಿಸೋಕೆ ನನ್ನಿಂದ ಆಗಲ್ಲ, ಅಷ್ಟೇ."

ಮಾರ್ಲಿಸ್ ತಳದಲ್ಲಿ ಉಳಿದ ತಣ್ಣನೆಯ ಕಾಫಿಯನ್ನೂ ಕುಡಿದಳು. ಆಮೇಲೆ ಬ್ರೆನ್ನಾಳನ್ನು ಕೇಳಿದಳು: "ಅದರ ಜೊತೆಗೆ ದೊಡ್ಡದೊಂದು ಕನ್ನಡಿ ಸಿಗುತ್ತೇನಮ್ಮ? ಈ ಮನುಷ್ಯನಿಗೆ ಹಿಂದೆ ನೋಡೋ ಅಭ್ಯಾಸ ಕಡಿಮೆ."

ಬ್ರೆನ್ನಾ ಕಿಸಕ್ಕನೆ ನಕ್ಕಳು. ಆರಿನ್‌ಗೂ ನಗು ಬಂತು, ಆದರೆ ನಗಬಹುದೋ ಬಾರದೋ ಗೊತ್ತಾಗದೆ ಗಡ್ಡ ಕೆರೆದುಕೊಂಡ.

ಬೀಗದ ಕೈ ಕೊಟ್ಟು ಹೊರಗೆ ಬಂದರು. ಕಾರು ಆವರಣದ ಆ ತುದಿಯಲ್ಲಿತ್ತು, ನಡುವೆಯೆಲ್ಲ ಕರಗಿದ ಹಿಮದ ಹೊಂಡ, ಕೆಸರು. ಆರಿನ್ ರೂಢಿಯಂತೆ ಸರಸರ ನಡೆದುಬಿಟ್ಟ. ಅರ್ಧ ದಾರಿಯಲ್ಲಿ ಏನೋ ಚುಚ್ಚಿದಂತಾಗಿ ಗಕ್ಕನೆ ನಿಂತು ತಿರುಗಿದ. ಮಾರ್ಲಿಸ್ ಒಂದು ದೊಡ್ಡ ಹೊಂಡದ ಆಚೆ, ಚರ್ಚಿಗೆ ಹಾಕುವ ಒಳ್ಳೆಯ ಶೂ ಹಾಕಿಕೊಂಡು, ಎಲ್ಲಿ ಕಾಲಿಡಲಿ ಅಂತ ನೋಡುತ್ತಿದ್ದಳು.

ಆರಿನ್ ಕೆಸರು ತುಳಿದುಕೊಂಡು ಅಷ್ಟೂ ದೂರ ವಾಪಸು ಹೋದ.

"ನಾನೇ ಬರ್ತಿದ್ದೆನಲ್ಲ," ಅಂದಳು ಅವಳು.

"ಗೊತ್ತು," ಅಂದು ಅವನು ಕೈ ಚಾಚಿದ.

ಅವಳು ಆ ಕೈಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕೈ ಹಿಡಿದು ಹೊಂಡ ದಾಟಿದಳು. ದಾಟಿದ ಮೇಲೂ ಬಿಡಲಿಲ್ಲ.

"ಹೆಲ್ಮೆಟ್ಟು ಹೊಸದು ತಗೋಬೇಕು," ಅಂದಳು. "ಹಳೇದನ್ನ ಸಿಟ್ಟಲ್ಲಿ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟುಬಿಟ್ಟೆ."